ಮುಗ್ಗಟ್ಟು, ಮಹಾಯುದ್ಧ ಮತ್ತು ನಮ್ಮ ಬೆಂಗಳೂರು

ನಮ್ಮ ವಿದ್ಯಾರ್ಥಿಗಳನ್ನು 1929ನೆಯ ಇಸವಿಯಲ್ಲಿ ಏನಾಯಿತೆಂದು ಕೇಳಿದರೆ, ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತೆಂದು ಥಟ್ಟನೆ ಹೇಳುತ್ತಾರೆ. 1939ರಲ್ಲಿ ಏನಾಯಿತೆಂದರೆ, ಜರ್ಮನಿ ಪೋಲೆಂಡಿನ ಮೇಲೆ ದಂಡೆತ್ತಿ ಹೋಯಿತೆನ್ನುತ್ತಾರೆ. ಉತ್ತರಗಳೆರಡೂ ಸರಿಯೇ, ಪರೀಕ್ಷೆಯಲ್ಲಿ ಪೂರ್ತಿ ಅಂಕಗಳೂ ದೊರೆಯುತ್ತವೆ. ಆದರೆ ಆ ಎರಡು ಇಸವಿಗಳು ಮಲ್ಲೇಶ್ವರಕ್ಕೆ, ಚಾಮರಾಜಪೇಟೆಗೆ, ಬಸವನಗುಡಿಗೆ ಏನು ಮಾಡಿದವೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಇತಿಹಾಸವೆಂದರೆ ಪರದೇಶದವರಿಗೆ ಆದದ್ದು, ನಾವು ಓದಬೇಕಾದದ್ದು ಎಂಬ ಭಾವನೆ ಹೀಗೆಯೇ ಬೇರೂರುತ್ತದೆ. ಇದು ಬರಿಯ ಅಜ್ಞಾನವಲ್ಲ, ಅಪಾಯವೂ ಹೌದೆಂದು ನನ್ನ ಅಭಿಪ್ರಾಯ.

ಮೊದಲು ಅಮೆರಿಕಾದ ಮಾತನ್ನೇ ನೋಡೋಣ. 1933ರ ಹೊತ್ತಿಗೆ ಆ ಸಿರಿವಂತ ದೇಶದಲ್ಲಿ ದುಡಿಯಬಲ್ಲವರ ಪೈಕಿ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಸಾಲುಸಾಲಾಗಿ ಮುಳುಗಿದ್ದವು. ಆ ವರ್ಷ ಅಧ್ಯಕ್ಷನಾದ ರೂಸ್ವೆಲ್ಟನು ಬ್ಯಾಂಕಿನ ಠೇವಣಿಗೆ ವಿಮೆಯನ್ನು ತಂದನು. 1935ರಲ್ಲಿ ಮುದುಕರಿಗೂ ನಿರುದ್ಯೋಗಿಗಳಿಗೂ ಆಸರೆಯಾಗುವ ಸಾಮಾಜಿಕ ಭದ್ರತೆಯ ಕಾಯಿದೆಯಾಯಿತು. ಆದರೂ ನಿರುದ್ಯೋಗ ಪೂರ್ತಿಯಾಗಿ ತೊಲಗಿದ್ದು ಯುದ್ಧದ ಕಾರ್ಖಾನೆಗಳು ಹಗಲಿರುಳು ನಡೆಯತೊಡಗಿದ ಮೇಲೆಯೇ. 1944ರಲ್ಲಿ ಬ್ರೆಟನ್ ವುಡ್ಸ್ ಎಂಬಲ್ಲಿ 44 ರಾಷ್ಟ್ರಗಳು ಕೂಡಿ ಕುಳಿತಾಗ, ಲೋಕದ ಹಣಕಾಸಿನ ನಡುಗಂಬವಾಗಿ ನಿಂತದ್ದು ಡಾಲರು. ಸಂಗ್ರಹವಾಗಿ ಹೇಳುವುದಾದರೆ, ಮುಗ್ಗಟ್ಟು ಅಮೆರಿಕಾಕ್ಕೆ ದುರ್ಬಲರನ್ನು ಕಾಪಾಡುವ ಕಾನೂನುಗಳನ್ನು ಕಲಿಸಿತು. ಯುದ್ಧವು ಉತ್ಪಾದನೆಯನ್ನೂ ಲೋಕದ ಮೇಲಣ ಅಧಿಕಾರವನ್ನೂ ಕೊಟ್ಟಿತು. ಈ ಎರಡು ಪಾಠಗಳನ್ನು ಬೇರೆಬೇರೆಯಾಗಿ ನೋಡುವುದು ಅಗತ್ಯ.

ಈಗ ನಮ್ಮ ಕಡೆಗೆ ಬರೋಣ. ಅಮೆರಿಕಾದ ಹೆಂಗಸರು ರೇಷ್ಮೆಯ ಕಾಲುಚೀಲಗಳನ್ನು ಕೊಳ್ಳುವುದನ್ನು ಕಡಮೆ ಮಾಡಿದರೆ ಚನ್ನಪಟ್ಟಣದ ರೈತನಿಗೇನು ನಷ್ಟ? ನಷ್ಟವುಂಟು. ಜಪಾನಿನ ರೇಷ್ಮೆಗೆ ಅಮೆರಿಕಾವೇ ದೊಡ್ಡ ಗಿರಾಕಿ. ಆ ಗಿರಾಕಿ ಕೈಬಿಟ್ಟೊಡನೆ ಜಪಾನಿನ ನೂಲು ಸಿಕ್ಕಿದ ಬೆಲೆಗೆ ಇತರ ದೇಶಗಳ ಪೇಟೆಗೆ ನುಗ್ಗಿತು. ಮೈಸೂರು ಸೀಮೆಯ ರೇಷ್ಮೆಗೂಡಿನ ಬೆಲೆ ಬಿದ್ದುಹೋಯಿತು. ದವಸಧಾನ್ಯಗಳ ಬೆಲೆಯೂ ಇಳಿಯಿತು. ಆದರೆ ಕಂದಾಯ ಮಾತ್ರ ರೂಪಾಯಿಗಳಲ್ಲಿ ನಿಗದಿಯಾದದ್ದರಿಂದ ಇಳಿಯಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ನು ಚಿನ್ನದ ನಾಣ್ಯಪದ್ಧತಿಯನ್ನು ಬಿಟ್ಟಾಗ ಚಿನ್ನದ ಬೆಲೆ ಏರಿತು. ಕೋಲಾರದ ಗಣಿಗಳಿಗೆ ಅದು ಸುಕಾಲ. ಹಳ್ಳಿಯ ಹೆಣ್ಣುಮಗಳಿಗೋ, ಸಾಲ ತೀರಿಸಲು ಮೈಮೇಲಿನ ಒಡವೆಯನ್ನು ಮಾರುವ ಕಾಲ. ದೇಶದ ಮನೆಮನೆಗಳ ಚಿನ್ನ ಹೀಗೆ ಕರಗಿ ಹಡಗೇರಿತು. ಕೋಣಗಳು ಕಾದಾಡಿದರೆ ಗಿಡಕ್ಕೆ ಕೇಡು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

ಈ ಕಷ್ಟಕಾಲದಲ್ಲಿ ಮೈಸೂರು ಸಂಸ್ಥಾನ ಕೈಕಟ್ಟಿ ಕೂರಲಿಲ್ಲವೆಂಬುದನ್ನು ಅಭಿಮಾನದಿಂದ ನೆನೆಯಬೇಕು. ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿ ಮಂಡ್ಯದ ಸಕ್ಕರೆ ಕಂಪೆನಿ 1933ರಲ್ಲಿ ಹುಟ್ಟಿತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯಾಯಿತು. ಮಲ್ಲೇಶ್ವರದ ಅಂಚಿನಲ್ಲಿ ಪಿಂಗಾಣಿಯ ಕಾರ್ಖಾನೆಯೂ 1936ರಲ್ಲಿ ವಿದ್ಯುದ್ದೀಪದ ಕಾರ್ಖಾನೆಯೂ ತಲೆಯೆತ್ತಿದವು. ವಿಶ್ವೇಶ್ವರಯ್ಯನವರು ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ಬರೆದು ಪ್ರಕಟಿಸಿದ್ದು 1934ರಲ್ಲಿ. ಅಂದರೆ ಮುಗ್ಗಟ್ಟಿನ ನಡುವೆಯೇ.

ಯುದ್ಧದ ಕಥೆ ಇನ್ನೂ ವಿಚಿತ್ರ. 1914ಕ್ಕೆ ಮುಂಚೆ ನಮ್ಮ ಶ್ರೀಗಂಧದ ಕೊರಡು ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆಯನ್ನು ಅಲ್ಲಿ ತೆಗೆಯುತ್ತಿದ್ದರು. ಯುದ್ಧದಿಂದ ಆ ದಾರಿ ಮುಚ್ಚಿದಾಗ, ಟಾಟಾ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಎಣ್ಣೆ ತೆಗೆಯುವ ಪ್ರಯೋಗ ನಡೆಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿಯೇ ಗಂಧದೆಣ್ಣೆ ಇಳಿಯಿತು. ಅದರ ಬೆನ್ನಿಗೆ ಸಾಬೂನು ಬಂದಿತು. ಎರಡನೆಯ ಯುದ್ಧದಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರೂ ಅಮೆರಿಕಾದ ವಿಲಿಯಂ ಪಾಲಿಯೂ ಸೇರಿ ವಿಮಾನದ ಕಾರ್ಖಾನೆಗೆ ಸ್ಥಳ ಹುಡುಕಿದಾಗ, ಮೈಸೂರು ಸರ್ಕಾರ ನೆಲವನ್ನೂ ಪಾಲುಬಂಡವಾಳವನ್ನೂ ಕೊಟ್ಟಿತು. 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪನೆಯಾಯಿತು. 1941ರಲ್ಲಿ ಅಲ್ಲಿ ಜೋಡಿಸಿದ ಮೊದಲ ತರಬೇತಿ ವಿಮಾನ ಹಾರಿತು. 1943ರಿಂದ ಅದು ಅಮೆರಿಕಾದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ವಿಜ್ಞಾನ ಮಂದಿರದಲ್ಲಿ ವಿಮಾನ ವಿಜ್ಞಾನದ ವಿಭಾಗ ತೆರೆದದ್ದೂ 1942ರಲ್ಲಿ. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ವೇಳೆಗೆ ಹೆಚ್ಚುಕಡಮೆ ಇಮ್ಮಡಿಯಾಯಿತು.

ಇದನ್ನೆಲ್ಲ ಕೇಳಿದ ಕೆಲವರು, ‘ಹಾಗಾದರೆ ಯುದ್ಧವೇ ನಮ್ಮ ನಗರದ ಅನ್ನದಾತ’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಯುದ್ಧ ಇತರ ಊರುಗಳಿಗೂ ಬಂದಿತ್ತು. ಎಲ್ಲೆಡೆಯೂ ವಿಮಾನದ ಕಾರ್ಖಾನೆಯಾಗಲಿಲ್ಲ. ಇಲ್ಲಿ 1905ರಿಂದಲೇ ಶಿವನಸಮುದ್ರದ ವಿದ್ಯುತ್ತಿತ್ತು, ವಿಜ್ಞಾನ ಮಂದಿರವಿತ್ತು, ಓದಿದ ತರುಣರಿದ್ದರು, ಬಂಡವಾಳ ಹೂಡುವ ಧೈರ್ಯದ ಸರ್ಕಾರವಿತ್ತು. ಇವೆಲ್ಲ ಶಾಂತಿಕಾಲದ ಸಂಪಾದನೆ. ಉತ್ತು ಹದಮಾಡಿದ ಹೊಲಕ್ಕೆ ಮಳೆ ಬಿದ್ದರೆ ಬೆಳೆ; ಹಾಳುಬಿದ್ದ ನೆಲಕ್ಕೆ ಬಿದ್ದರೆ ಬರಿಯ ಕಳೆ. ಬೆಳೆಯ ಕೀರ್ತಿಯನ್ನೆಲ್ಲ ಮಳೆಗೇ ಕೊಟ್ಟು ಉತ್ತವನನ್ನು ಮರೆಯುವುದು ನ್ಯಾಯವಲ್ಲ.

ಅಲ್ಲದೆ ಆ ಮಳೆಯೊಡನೆ ಸಿಡಿಲೂ ಬಂದಿತೆಂಬುದನ್ನು ಮರೆಯಬಾರದು. 1942ರಲ್ಲಿ ಜಪಾನು ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬೆಂಗಳೂರಿನಲ್ಲಿ ಅಂಥ ಘೋರ ನಡೆಯಲಿಲ್ಲ. ಆದರೆ ಅಕ್ಕಿಯ ಅಭಾವ ಇಲ್ಲಿನ ಅಡಿಗೆಮನೆಗೂ ಬಂದಿತು. ಬಸವನಗುಡಿಯವರಿಗೆ ನಡೆದುಹೋಗುವಷ್ಟು ಹತ್ತಿರವಿರುವ ಮಾವಳ್ಳಿ ಟಿಫಿನ್ ರೂಮ್ಸ್‌ನ ರವೆ ಇಡ್ಲಿ ಹುಟ್ಟಿದ್ದು ಆ ಅಭಾವದಿಂದಲೇ ಎಂದು ಹೋಟೆಲಿನವರೇ ಹೇಳುತ್ತಾರೆ. ಇಂದು ಅದನ್ನು ತುಪ್ಪ ಹಾಕಿಸಿಕೊಂಡು ಸವಿಯುವ ನಮಗೆ, ಅಕ್ಕಿ ಸಿಕ್ಕದ ದಿನಗಳ ಕೂಸು ಅದೆಂಬುದು ನೆನಪಿಗೆ ಬಾರದು.

ಯುದ್ಧವು ನಮಗೆ ಬಿಟ್ಟುಹೋದ ವಸ್ತುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದೆಂದು ಕೇಳಿದರೆ ನಾನು ವಿಮಾನದ ಕಾರ್ಖಾನೆಯನ್ನು ಹೇಳೆನು. ರೇಷನ್ ಅಂಗಡಿಯನ್ನು ಹೇಳುವೆನು. ಇದು ವಿನೋದದ ಮಾತಲ್ಲ. ಅಮೆರಿಕಾಕ್ಕೆ ಮುಗ್ಗಟ್ಟು ಕಲಿಸಿದ ಪಾಠವನ್ನು ನಮಗೆ ಕಲಿಸಿದ್ದು ಯುದ್ಧಕಾಲದ ಹಸಿವು: ಮನೆಯಲ್ಲಿ ಎಷ್ಟು ತಲೆಗಳಿವೆಯೆಂದು ಎಣಿಸಿ, ನಿಗದಿಯಾದ ಬೆಲೆಗೆ ಅಳೆದುಕೊಡುವುದು ಸರ್ಕಾರದ ಹೊಣೆಯೆಂಬ ಪಾಠ. ಕಲ್ಲು ಬೆರೆತ ಅಕ್ಕಿ, ಉದ್ದನೆಯ ಸಾಲು, ತೂಕದಲ್ಲಿ ಮೋಸ, ಎಲ್ಲವೂ ಇದ್ದವು; ಆದರೂ ತತ್ತ್ವ ನೆಲೆನಿಂತಿತು. ಏಳು ದಶಕಗಳ ಮೇಲೆ, 2013ರಲ್ಲಿ, ರಾಷ್ಟ್ರೀಯ ಆಹಾರ ಭದ್ರತೆಯ ಕಾಯಿದೆಯಾದದ್ದೂ ಕರ್ನಾಟಕದಲ್ಲಿ ಅನ್ನಭಾಗ್ಯ ಆರಂಭವಾದದ್ದೂ ಅದೇ ಬೇರಿನ ಚಿಗುರುಗಳು.

ಆದರೆ ಆ ಪಾಠವನ್ನು ನಾವು ಅರ್ಧಕ್ಕೇ ನಿಲ್ಲಿಸಿದೆವು. ಕಾರ್ಖಾನೆಯ ಖಾಯಂ ನೌಕರನಿಗೆ ಭವಿಷ್ಯನಿಧಿ, ಆಸ್ಪತ್ರೆ, ವಸತಿ ಎಲ್ಲವೂ ದೊರೆತವು; ಅವನ ಮನೆಯನ್ನು ಕಟ್ಟಿದ ಗಾರೆಯವನಿಗೆ ದೊರೆಯಲಿಲ್ಲ. 2020ರ ಕೊರೋನಾ ನಿರ್ಬಂಧದ ದಿನಗಳಲ್ಲಿ, ಈ ನಗರವನ್ನು ಕಟ್ಟುತ್ತಿದ್ದ ವಲಸೆ ಕಾರ್ಮಿಕರು ಗಂಟುಮೂಟೆ ಹೊತ್ತು ಹೊರಟದ್ದನ್ನು ನಾವೆಲ್ಲರೂ ಕಂಡೆವು. ಅನೇಕರ ರೇಷನ್ ಕಾರ್ಡು ಅವರ ಊರಿನಲ್ಲಿತ್ತು; ಹಸಿವು ಇಲ್ಲಿತ್ತು. ಲೋಕದ ಯಾವ ಮೂಲೆಯಲ್ಲಿ ಗುಡುಗಿದರೂ ಮೊದಲು ಸೋರುವುದು ಇವರ ಸೂರೇ. ಅಂದು ರೇಷ್ಮೆ ಬೆಳೆದ ರೈತ, ಇಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಗಳು: ಇಬ್ಬರ ಕೂಲಿಯೂ ಕಂಡರಿಯದ ದೇಶದ ಗಿರಾಕಿಯ ಕಿಸೆಗೆ ಕಟ್ಟುಬಿದ್ದಿದೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ವಾಲ್ ಸ್ಟ್ರೀಟಿನ ಪಾಠ ಮುಗಿದ ಮರುದಿನ ಚನ್ನಪಟ್ಟಣದ ಗೂಡಿನ ಬೆಲೆಯ ಮಾತನ್ನೆತ್ತಿರಿ. ಪೋಲೆಂಡಿನ ಪಾಠದ ಜೊತೆಗೆ ರೇಷನ್ ಅಂಗಡಿ ಹುಟ್ಟಿದ ಬಗೆಯನ್ನು ಹೇಳಿರಿ. ಮನೆಯ ಹಿರಿಯರು ಕೇಳಿ ಉಳಿಸಿಕೊಂಡ ಯುದ್ಧಕಾಲದ ಸಂಗತಿಗಳನ್ನು ಬರೆದು ತರಲು ಮಕ್ಕಳಿಗೆ ಹೇಳಿರಿ. ಮುಂದಿನ ಮುಗ್ಗಟ್ಟು ಎಂದು ಬರುವುದೋ ಯಾರೂ ಹೇಳಲಾರರು. ಅದು ಬಂದಾಗ ಯಾರ ಸೂರು ಮೊದಲು ಸೋರುವುದೆಂದು ತಿಳಿದ ಒಂದು ತಲೆಮಾರಾದರೂ ಈ ಊರಿನಲ್ಲಿರಲಿ.