ಮನೆವಾರ್ತೆ: ಕೂಲರಿಗೆ ಬಂದ ಜ್ವರ

ಹೈದರಾಬಾದಿನಲ್ಲಿ ಕೂಲರ್ ಎಂದರೇನೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಹೋಳಿ ಕಳೆಯಿತೆಂದರೆ ಅಟ್ಟದಿಂದ ಇಳಿದು, ಕಿಟಕಿಗೆ ಬೆನ್ನು ಕೊಟ್ಟು ನಿಂತು, ಬಿಂದಿಗೆಗಟ್ಟಲೆ ನೀರು ಕುಡಿದು, ರಾತ್ರಿಯೆಲ್ಲ ಗಡಗಡ ಸದ್ದು ಮಾಡುವ ಪೆಟ್ಟಿಗೆ ಅದು. ಆದರೆ ಈ ಸಲ ನಾವು ಬರೆಯಹೊರಟಿರುವುದು ಬೇರೊಂದು ಕೂಲರಿನ ಸಂಗತಿ. ಅದು ಕಂಪ್ಯೂಟರಿನ ಹೊಟ್ಟೆಯೊಳಗೆ ಇರತಕ್ಕದ್ದು. ಅದರೊಳಗೂ ನೀರು ಹರಿಯುತ್ತದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಈಚೆಗೆ ಸಿಕ್ಕ ಮಿತ್ರರೊಬ್ಬರು, “ಹುಡುಗನ ಕಂಪ್ಯೂಟರು ಬೇಸಿಗೆಯಲ್ಲಿ ಕಾದು ತಾನೇ ಆರಿಹೋಗುತ್ತದೆ, ಏನು ಮಾಡೋಣ?” ಎಂದು ಕೇಳಿದರು. ನಮ್ಮ ಮನೆಯಲ್ಲಿ ನಡೆದುದನ್ನು ಅಲ್ಲಿ ನಿಂತು ಪೂರ್ತಿ ಹೇಳಲಾಗಲಿಲ್ಲ. ಹೇಳಲು ಸ್ವಲ್ಪ ಸಂಕೋಚವೂ ಇದ್ದಿತು. ಇಲ್ಲಿ ಹೇಳಿಬಿಡುತ್ತೇವೆ.

ನಮ್ಮ ತಂಗಿಯ ಮಗಳು ರಾಯಚೂರಿನವಳು. ತಂದೆಯಿಲ್ಲದ ಹುಡುಗಿ. ಮೂರು ವರ್ಷಗಳಿಂದ ಬರ್ಕತ್‌ಪುರದ ನಮ್ಮ ಮನೆಯಲ್ಲಿದ್ದುಕೊಂಡು, ಸಿನಿಮಾದವರಿಗೆ ಬೇಕಾದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ರಚಿಸಿಕೊಡುವ ಕೆಲಸ ಮಾಡುತ್ತಾಳೆ. ಮಳೆ ಬಾರದ ಕಡೆ ಮಳೆ ಸುರಿಸುವುದು, ಕೋಟೆಯಿಲ್ಲದ ಬಯಲಿನಲ್ಲಿ ಕೋಟೆ ಎಬ್ಬಿಸುವುದು, ಇಂಥವು. ತಿಂಗಳ ಸಂಬಳವಿಲ್ಲ, ಮುಗಿಸಿಕೊಟ್ಟ ದೃಶ್ಯಕ್ಕೆ ಹಣ. ಆ ಹಣದಲ್ಲಿ ರಾಯಚೂರಿನ ಮನೆ ನಡೆಯಬೇಕು, ತಮ್ಮನ ಕಾಲೇಜಿನ ಫೀಸು ಹೋಗಬೇಕು. ಒಂದು ದೃಶ್ಯವನ್ನು ಸಿದ್ಧಪಡಿಸಲು ಅವಳ ಯಂತ್ರ ರಾತ್ರಿಯಿಡೀ ಲೆಕ್ಕ ಮಾಡುತ್ತಿರುತ್ತದೆ. ಆದುದರಿಂದಲೇ ಸಾಧಾರಣ ಕೂಲರಿನ ಬದಲು ನೀರಿನ ಕೂಲರನ್ನು ಹಾಕಿಸಿಕೊಂಡಿದ್ದಳು.

ಮೇ ತಿಂಗಳ ಒಂದು ರಾತ್ರಿ ಅವಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, “ಮಾಮಾ, ಮತ್ತ ಬಂದ್ ಬಿತ್ತು ನೋಡ್ರಿ” ಎಂದಳು. ಆ ವಾರದಲ್ಲಿ ಅದು ಮೂರನೆಯ ಸಲ. ಲೆಕ್ಕದ ನಡುವೆ ಯಂತ್ರ ಆರಿದರೆ ಆವರೆಗಿನ ಕೆಲಸದಲ್ಲಿ ಒಂದು ಪಾಲು ಹಾಳು. ದೃಶ್ಯ ಒಪ್ಪಿಸಲು ಉಳಿದಿದ್ದುದು ಒಂಬತ್ತು ದಿನ. ಒಂದು ಅಂಗಡಿಯಲ್ಲಿ ವಿಚಾರಿಸಿದ್ದಾಯಿತು. ಯಂತ್ರವನ್ನು ತೆರೆಯದೆಯೇ ಅವರು, ಕೂಲರೂ ಹೋಗಿದೆ, ಪ್ರೊಸೆಸರೂ ಹೋಗಿರಬಹುದು, ಎರಡೂ ಬದಲಾಗಬೇಕು, ಮೂವತ್ತೆಂಟು ಸಾವಿರವಾಗುತ್ತದೆ ಎಂದರು. ತಮ್ಮನ ಫೀಸಿಗೆಂದು ಕಟ್ಟುತ್ತಿದ್ದ ಬ್ಯಾಂಕಿನ ಠೇವಣಿಯನ್ನು ಮುರಿಯುವುದೆಂದು ಅವಳು ನಿಶ್ಚಯಿಸಿದ್ದಳು.

“ನನಗ ಒಂದ ಅನುಮಾನ. ಈ ಡಬ್ಬಿ ಯಾರಾರ ಬಿಚ್ಚಿದ್ರೇನ್ರಿ ಮಾಮಾ?” ಎಂದು ಕೇಳಿದಳು.

“ಯುಗಾದಿಗೆ ಸುಣ್ಣ ಬಣ್ಣ ಆದಾಗ ಧೂಳ ಒರೆಸೀವಿ, ಅಷ್ಟ” ಎಂದೆವು. ಈ ಉತ್ತರವನ್ನು ವಾಚಕರು ನೆನಪಿನಲ್ಲಿಡಬೇಕು.

ಠೇವಣಿ ಮುರಿಯುವ ಮೊದಲು ಎರಡು ದಿನ ಕೊಡು ಎಂದು ಅವಳನ್ನು ತಡೆದೆವು. ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ನಮಗೆ ಕಂಪ್ಯೂಟರು ತಿಳಿಯದಿದ್ದರೂ ಬಿಸಿಯ ನಡವಳಿಕೆ ಗೊತ್ತು. ಬಿಸಿ ಮಾಯವಾಗುವ ವಸ್ತುವಲ್ಲ. ಅದನ್ನು ಹೊತ್ತು ಹೊರಗೆ ಹಾಕಬೇಕು. ಹೊರುವ ಹಾದಿಯಲ್ಲಿ ಎಲ್ಲಿ ತಡೆಯಿದೆಯೋ ಅಲ್ಲಿ ಹಿಂದೆ ಬಿಸಿ, ಮುಂದೆ ತಣ್ಣಗೆ. ಬಾಯ್ಲರಿಗೂ ಇದೇ ನ್ಯಾಯ, ಕಂಪ್ಯೂಟರಿಗೂ ಇದೇ ನ್ಯಾಯ.

ಆ ಹಾದಿ ಹೀಗಿದೆ. ಲೆಕ್ಕ ಮಾಡುವ ಬಿಲ್ಲೆಗೆ ಪ್ರೊಸೆಸರ್ ಎಂದು ಹೆಸರು. ಬಿಸಿ ಹುಟ್ಟುವುದು ಅಲ್ಲಿ. ಅದರ ನೆತ್ತಿಯ ಮೇಲೆ ಒಂದು ತಾಮ್ರದ ತಟ್ಟೆ ಕೂತಿರುತ್ತದೆ. ನಡುವೆ ಬೂದುಬಣ್ಣದ ಒಂದು ಲೇಪ. ತಟ್ಟೆಯ ಬೆನ್ನಿನ ಮೇಲೆ ನೀರು ಹರಿಯುತ್ತದೆ. ಅದನ್ನು ತಳ್ಳಲು ಚಿಕ್ಕದೊಂದು ಪಂಪು. ಕಾದ ನೀರು ಒಂದು ಕೊಳವೆಯಿಂದ ರೇಡಿಯೇಟರಿಗೆ ಹೋಗಿ, ಅಲ್ಲಿ ಫ್ಯಾನಿನ ಗಾಳಿಗೆ ಬಿಸಿಯನ್ನು ಒಪ್ಪಿಸಿ, ಇನ್ನೊಂದು ಕೊಳವೆಯಿಂದ ಹಿಂತಿರುಗುತ್ತದೆ. ಹಿಂದೆ ಬೀದರಿಗೆ ಅಂಬಾಸಿಡರ್ ಕಾರಿನಲ್ಲಿ ಹೋದವರಿಗೆ ರೇಡಿಯೇಟರಿನ ಪರಿಚಯ ಚೆನ್ನಾಗಿರುತ್ತದೆ. ಜಹೀರಾಬಾದು ಬರುವಷ್ಟರಲ್ಲಿ ಬಾನೆಟ್ಟಿನಿಂದ ಹಬೆಯೆದ್ದು, ಮರದ ನೆರಳಿನಲ್ಲಿ ಅರ್ಧ ಗಂಟೆ ಕೂರದೆ ಗತಿಯಿರಲಿಲ್ಲ. ಇದೂ ಅದೇ ಏರ್ಪಾಡು. ಒಂದೇ ಗಾತ್ರದ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಬಿಸಿಯನ್ನು ಹೊರಬಲ್ಲುದು; ಅದಕ್ಕಾಗಿ ನೀರು. ದೊಡ್ಡ ಯಂತ್ರಗಳೂ ಇದನ್ನೇ ನಂಬಿವೆ. 1985ರ ಕ್ರೇ-2 ಮಹಾಗಣಕದ ಮಂಡಲಗಳನ್ನು ವಿದ್ಯುತ್ತು ಹರಿಯದಂಥ ಒಂದು ದ್ರವದಲ್ಲಿ ಮುಳುಗಿಸಿಯೇ ಇಟ್ಟಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ಕ್ಕೂ ದ್ರವದ ತಂಪೇ ಆಧಾರ.

ನಮ್ಮ ಮೊದಲ ಪ್ರಶ್ನೆ: ಇದು ಬೇಸಿಗೆಯ ತಪ್ಪೋ, ಯಂತ್ರದ ತಪ್ಪೋ? ನೀರಿನ ಕೂಲರಾದರೂ ಕೋಣೆಯ ಗಾಳಿಗಿಂತ ಕೆಳಕ್ಕೆ ತಂಪು ಮಾಡಲಾರದು. ಕೋಣೆ ಕಾದಷ್ಟೂ ಪ್ರೊಸೆಸರು ಮೇಲೇರುತ್ತದೆ. ಹೀಗಿರಲಾಗಿ ಬರಿಯ ಪ್ರೊಸೆಸರಿನ ಅಂಕಿಯನ್ನು ನೋಡಿ ಗಾಬರಿಯಾಗುವುದು ವ್ಯರ್ಥ. ಅದರಿಂದ ಕೋಣೆಯ ಅಂಕಿಯನ್ನು ಕಳೆದು ನೋಡಬೇಕು. ಹುಡುಗಿ ಜನವರಿಯಲ್ಲಿ ತನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಕೋಣೆ 26 ಡಿಗ್ರಿ, ಪೂರ್ತಿ ಕೆಲಸದಲ್ಲಿ ಪ್ರೊಸೆಸರು 72. ವ್ಯತ್ಯಾಸ 46. ಈಗ ಕೋಣೆ 38. ವ್ಯತ್ಯಾಸ ಅಷ್ಟೇ ಇದ್ದಿದ್ದರೆ ಪ್ರೊಸೆಸರು 84 ಇರಬೇಕಿತ್ತು. ಆದರೆ ಐದೇ ನಿಮಿಷದಲ್ಲಿ 100 ಮುಟ್ಟುತ್ತಿತ್ತು. ಅಂದರೆ 12 ಡಿಗ್ರಿಗೆ ಬೇಸಿಗೆ ಹೊಣೆ. ಮಿಕ್ಕ 16ಕ್ಕೆ ಬೇರೆ ಯಾರೋ ಹೊಣೆ. ಮೇಲಾಗಿ, ಮಿತಿ ಮುಟ್ಟಿದಾಗ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಯುಗಾದಿಯಿಂದೀಚೆಗೆ ಕೆಲಸ ನಿಧಾನವಾಗಿದೆಯೆಂದು ಅವಳು ಗೊಣಗುತ್ತಿದ್ದುದು ಆಗ ನಮಗೆ ನೆನಪಾಯಿತು. ನೆನಪಾಗಿಯೂ ಸುಮ್ಮನಿದ್ದೆವು.

ಇಲ್ಲೊಂದು ಮಾತು. ಮಿತಿ ಎಲ್ಲ ಪ್ರೊಸೆಸರಿಗೂ ಒಂದೇ ಅಲ್ಲ. ಇಂಟೆಲ್‌ನವು ಹಲವಕ್ಕೆ 100 ಡಿಗ್ರಿ. ರೈಜೆನ್ 7000 ಸಾಲಿನ ಹಲವಕ್ಕೆ 95, ಅವು ಭಾರಿ ಕೆಲಸದಲ್ಲಿ ಆ ಅಂಕಿಯವರೆಗೆ ಹೋಗುವಂತೆಯೇ ರಚಿತವಾಗಿವೆ. ನಿಮ್ಮದರ ಮಿತಿಯನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಿಕೊಂಡು ಆಮೇಲೆ ಚಿಂತಿಸತಕ್ಕದ್ದು.

ಎರಡನೆಯ ದಿನ ಬೆಳಿಗ್ಗೆ ತಪಾಸಣೆಗೆ ಕುಳಿತೆವು. ಕಂಪ್ಯೂಟರಿನ ಪೆಟ್ಟಿಗೆ ಕಿಟಕಿಯ ಕೂಲರಿಗೆ ಎದುರಾಗಿಯೇ ಇದ್ದಿತು. ತಂಪಾಗಿರಲೆಂದು ಅಲ್ಲಿಟ್ಟವರು ನಾವೇ. ಕೋಣೆ ತಂಪಾದರೆ ಯಂತ್ರಕ್ಕೂ ಒಳ್ಳೆಯದು, ನಿಜ. ಆದರೆ ತೇವದ ಗಾಳಿ ನೇರವಾಗಿ ಬಡಿದರೆ ಧೂಳು ರೇಡಿಯೇಟರಿಗೆ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ವಿದ್ಯುತ್ತಿನ ವಯರನ್ನು ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಕುಂಚದಿಂದಲೂ ಊದುವ ಯಂತ್ರದಿಂದಲೂ ಅದನ್ನು ತೆಗೆದೆವು. ಪೆಟ್ಟಿಗೆಯನ್ನು ಗೋಡೆಯ ಬದಿಗೆ ಸರಿಸಿ ಮತ್ತೆ ನಡೆಸಿದಾಗ 97. ಆರಿಹೋಗುವುದು ನಿಂತಿತು; ಜ್ವರ ಬಿಡಲಿಲ್ಲ.

ಆಮೇಲೆ ಕೈಯ ಪರೀಕ್ಷೆ. ವಾಚಕರಿಗೆ ನಾವು ಹೇಳಬೇಕೆಂದಿರುವ ಮುಖ್ಯ ಉಪಾಯ ಇದೇ; ಇದಕ್ಕೆ ಕಾಸು ಖರ್ಚಿಲ್ಲ. ಯಂತ್ರ ಪೂರ್ತಿ ಕೆಲಸ ಮಾಡುತ್ತಿರುವಾಗ, ಫ್ಯಾನಿಗೆ ಬೆರಳು ತಾಗದಂತೆ, ರೇಡಿಯೇಟರಿನ ಅಂಚನ್ನೂ ಕೊಳವೆಗಳನ್ನೂ ಮುಟ್ಟಿ ನೋಡಬೇಕು. ಪ್ರೊಸೆಸರಿನ ಅಂಕಿ ಮೇಲಿದ್ದು ರೇಡಿಯೇಟರೂ ಚೆನ್ನಾಗಿ ಕಾದಿದ್ದರೆ, ಬಿಸಿ ಅಲ್ಲಿಯವರೆಗೆ ಬಂದಿದೆ, ಹೊರಗೆ ಹೋಗುತ್ತಿಲ್ಲ. ಆಗ ಧೂಳು, ಫ್ಯಾನು, ಕೋಣೆಯ ಗಾಳಿ ಇವುಗಳ ಕಡೆ ನೋಡಬೇಕು. ಪ್ರೊಸೆಸರು ಸುಡುತ್ತಿದ್ದು ರೇಡಿಯೇಟರು ತಣ್ಣಗಿದ್ದರೆ, ಬಿಸಿ ಅಲ್ಲಿಗೆ ಬಂದೇ ಇಲ್ಲ. ಆಗ ಪಂಪು ನಿಂತಿರಬೇಕು, ಇಲ್ಲವೆ ಪ್ರೊಸೆಸರಿಗೂ ತಾಮ್ರದ ತಟ್ಟೆಗೂ ಸಂಬಂಧ ಕೆಟ್ಟಿರಬೇಕು.

ನಮ್ಮದು ತಣ್ಣಗಿತ್ತು. ಎಳೆಬಿಸಿಲಿಗೆ ಇಟ್ಟ ತಂಬಿಗೆಯಷ್ಟೂ ಕಾದಿರಲಿಲ್ಲ.

ಹುಡುಗಿ ಪಂಪಿನ ವೇಗವನ್ನು ಪರದೆಯ ಮೇಲೆ ತೆಗೆದು ತೋರಿಸಿದಳು. ವೇಗ ಸರಿಯಾಗಿತ್ತು, ಬೆರಳಿಟ್ಟರೆ ಸಣ್ಣಗೆ ನಡುಕವೂ ಇದ್ದಿತು. ಪಂಪು ನಿಂತುಹೋಗಿದ್ದರೆ ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ಪ್ರೊಸೆಸರು ಕೆಲವೇ ನಿಮಿಷಗಳಲ್ಲಿ ಕಾದುಬಿಡುತ್ತಿತ್ತು; ಹಾಗೂ ಆಗುತ್ತಿರಲಿಲ್ಲ. ಒಳಗೆ ಗಾಳಿ ಸೇರಿದ್ದರೆ ಗುಳುಗುಳು ಸದ್ದು ಬರಬೇಕು, ಅದೂ ಇಲ್ಲ. ಉಳಿದದ್ದು ಒಂದೇ ಸ್ಥಳ: ಪ್ರೊಸೆಸರಿನ ನೆತ್ತಿ.

“ಅಲ್ಲಿ ಏನಾಗಿರಬೇಕ್ರಿ ಮಾಮಾ?” ಎಂದಳು.

ಅಲ್ಲಿ ಏನಾಗಿದೆಯೆಂದು ಈ ಲೋಕದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಯುಗಾದಿಯ ಹಿಂದಿನ ದಿನ ನಾವು ಧೂಳು ಒರೆಸಿ ಸುಮ್ಮನಾಗಿರಲಿಲ್ಲ. ಕೂಲರಿನ ನಾಲ್ಕು ತಿರುಪುಗಳನ್ನು ಬಿಚ್ಚಿ ತಟ್ಟೆಯನ್ನು ಎತ್ತಿದ್ದೆವು. ಅಡಿಯಲ್ಲಿ ಒಣಗಿದ ಬೂದುಬಣ್ಣದ್ದೇನೋ ಮೆತ್ತಿಕೊಂಡಿತ್ತು. ಕೊಳೆಯೆಂದು ತಿಳಿದು, ಪಂಚೆಯ ತುಂಡಿನಿಂದ ತಿಕ್ಕಿ, ಎರಡು ಕಡೆಯೂ ಕನ್ನಡಿಯಂತೆ ಹೊಳೆಯಿಸಿ, ಹಾಗೆಯೇ ಮತ್ತೆ ಕೂರಿಸಿದ್ದೆವು. ನಮ್ಮ ಕೆಲಸದ ಚೊಕ್ಕಟಕ್ಕೆ ನಾವೇ ಮೆಚ್ಚಿಕೊಂಡದ್ದೂ ನೆನಪಿದೆ. ಬಾಯ್ಲರಿನ ಮುಂದೆ ಮೂವತ್ತು ವರ್ಷ ನಿಂತವರ ಪಾಂಡಿತ್ಯ ಇದು!

ಆ ಲೇಪದ ಮಹತ್ವವನ್ನು ನಮ್ಮ ಮನೆಯವರ ಜೋಳದ ರೊಟ್ಟಿಯಿಂದ ತಿಳಿಯಬಹುದು. ಹಂಚಿನ ಮೇಲೆ ಹಾಕಿದ ರೊಟ್ಟಿಯನ್ನು ಬಟ್ಟೆಯ ಉಂಡೆಯಿಂದ ಅಲ್ಲಲ್ಲಿ ಒತ್ತುತ್ತಾರೆ. ಎಲ್ಲಿ ರೊಟ್ಟಿ ಹಂಚಿನಿಂದ ಎದ್ದಿದೆಯೋ ಅಲ್ಲಿ ನಡುವೆ ಗಾಳಿ ನಿಂತು ಹಸಿ ಉಳಿಯುತ್ತದೆ; ಕೆಳಗೆ ಬೆಂಕಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಎರಡು ಲೋಹಗಳು ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ಮೈಯಲ್ಲಿ ಸೂಕ್ಷ್ಮವಾದ ಗುಡ್ಡ ಕಣಿವೆಗಳಿವೆ. ಕಣಿವೆಗಳಲ್ಲಿ ಗಾಳಿ ಕೂರುತ್ತದೆ. ಗಾಳಿ ಬಿಸಿಯನ್ನು ದಾಟಿಸುವುದರಲ್ಲಿ ಮಹಾ ಸೋಮಾರಿ. ಲೇಪ ಆ ಕಣಿವೆಗಳನ್ನು ತುಂಬುತ್ತದೆ. ಒಳ್ಳೆಯ ಲೇಪ ಗಾಳಿಗಿಂತ ನೂರು ಪಟ್ಟಿಗೂ ಮಿಕ್ಕಿ ಬಿಸಿಯನ್ನು ದಾಟಿಸಬಲ್ಲುದು. ಅದನ್ನು ನಾವು ಪಂಚೆಯಿಂದ ಒರೆಸಿದ್ದೆವು.

ಸುಮ್ಮನಿದ್ದುಬಿಡಬಹುದಿತ್ತು. ‘ಲೇಪ ಒಣಗಿದೆ, ಹೊಸದು ಹಾಕೋಣ’ ಎಂದಿದ್ದರೆ ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಎರಡು ತಿಂಗಳಿಂದ ಕೆಲಸ ನಿಧಾನವೆಂದು ತನ್ನನ್ನೇ ಹಳಿದುಕೊಂಡು, ನಿದ್ದೆಗೆಟ್ಟು ಕೂತವಳು ಅವಳು. ತಮ್ಮನ ಫೀಸಿನ ಠೇವಣಿಗೆ ಕೈಹಾಕಲಿದ್ದವಳೂ ಅವಳೇ. ನಡೆದುದನ್ನು ಹೇಳಿದೆವು. ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ನಾ ಕೇಳಿದಾಗನ ಹೇಳಿದ್ರ ಆ ರಾತ್ರಿನ ಮುಗೀತಿತ್ತಲ್ರಿ ಮಾಮಾ” ಎಂದಳು. ಬೈದಿದ್ದರೆ ವಾಸಿಯಾಗಿತ್ತು.

ಅಂದು ಮಧ್ಯಾಹ್ನವೇ ಸಿಕಂದರಾಬಾದಿನ ಪಾರ್ಕ್ ಲೇನಿಗೆ ಹೋಗಿ, ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಲೇಪದ ಚಿಕ್ಕ ಕೊಳವೆಯೊಂದನ್ನು ತಂದೆವು. ಆರುನೂರು ರೂಪಾಯಿಯೊಳಗೆ ಕೆಲಸವಾಯಿತು. ಎರಡು ಮೈಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಶುಚಿ ಮಾಡಿ, ನಡುವೆ ಬಟಾಣಿ ಕಾಳಿನಷ್ಟು ಲೇಪವಿಟ್ಟು, ತಟ್ಟೆಯನ್ನು ನೇರವಾಗಿ ಇಳಿಸಬೇಕು. ತಿರುಪುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬಾರದು. ಕಾರಿನ ಚಕ್ರದ ನಟ್ಟುಗಳಂತೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಇಲ್ಲವಾದರೆ ತಟ್ಟೆ ಒಂದು ಕಡೆಗೆ ವಾಲುತ್ತದೆ. ಈ ಸಲ ಕೆಲಸ ಮಾಡಿದವಳು ಅವಳು. ದೀಪ ಹಿಡಿದವರು ನಾವು.

ರಾತ್ರಿ ಪೂರ್ತಿ ಕೆಲಸಕ್ಕೆ ಹಚ್ಚಿ ನೋಡಿದೆವು. ಕೋಣೆ 37, ಪ್ರೊಸೆಸರು 83. ವ್ಯತ್ಯಾಸ 46. ಜನವರಿಯ ಲೆಕ್ಕಕ್ಕೆ ಸರಿಹೋಯಿತು. ರೇಡಿಯೇಟರಿಗೆ ಕೈಯಿಟ್ಟರೆ ಹಿತವಾದ ಬಿಸಿ. ದೃಶ್ಯ ಒಂದು ದಿನ ಮೊದಲೇ ಮುಗಿಯಿತು, ಠೇವಣಿ ಮುರಿಯಲಿಲ್ಲ.

ಮನೆಯಲ್ಲಿ ಇಂಥ ಯಂತ್ರವಿರುವವರಿಗೆ ಇನ್ನು ನಾಲ್ಕು ಮಾತು. ಹೊಸ ಕೂಲರು ಮೊದಲ ದಿನವೇ ಕಾದರೆ, ತಟ್ಟೆಯ ಅಡಿಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆತಿದ್ದೀರಾ ನೋಡಿ. ಪಂಪಿನ ವಯರು ಅದಕ್ಕೆ ನೇಮಿಸಿದ ಜಾಗದಲ್ಲಿಯೇ ಇರಲಿ. ಒಳಗಿನ ಗಾಳಿ ಮೇಲಕ್ಕೇರಿ ಸೇರುವುದರಿಂದ, ಇಡೀ ಸುತ್ತಿನಲ್ಲಿ ಪಂಪೇ ಎಲ್ಲಕ್ಕಿಂತ ಎತ್ತರದಲ್ಲಿರದಂತೆ ನೋಡಿಕೊಳ್ಳಿ. ಮುಚ್ಚಿ ಬಂದ ಕೂಲರನ್ನು ಬಿಚ್ಚಿ ನಲ್ಲಿಯ ನೀರು ತುಂಬುವ ಸಾಹಸ ಬೇಡ. ಸೋರುವುದು ಕಂಡರೆ ಕೂಡಲೇ ವಿದ್ಯುತ್ತು ಆರಿಸಿ, ಖರೀದಿಯ ರಸೀದಿ ಹುಡುಕಿ, ಖಾತರಿಯ ಅವಧಿ ಉಳಿದಿದೆಯೇ ನೋಡಿ.

ಹುಡುಗಿ ತನ್ನ ನೋಟುಬುಕ್ಕಿನಲ್ಲಿ ಈಗ ಮೂರು ಕಾಲಂ ಎಳೆದಿದ್ದಾಳೆ: ಕೋಣೆ, ಪ್ರೊಸೆಸರು, ವ್ಯತ್ಯಾಸ. ಮೊನ್ನೆ ನಾಲ್ಕನೆಯದೊಂದು ಸೇರಿದೆ: ‘ಬಿಚ್ಚಿದವರು’. ಅದರಲ್ಲಿ ಯುಗಾದಿಯ ತಾರೀಖಿನ ಎದುರಿಗೆ ನಮ್ಮ ಸಹಿಯನ್ನು ಹಾಕಿಸಿಕೊಂಡಳು. ಸಂತೋಷದಿಂದಲೇ ಹಾಕಿದೆವು.