ಪಾಲಾದ ಕಾಡು



ವಯನಾಡಿನ ಕಾಫಿ ತೋಟಗಾರ ಬಂಧುವೊಬ್ಬರು ಹೋದ ತಿಂಗಳು ನಮಗೊಂದು ಪತ್ರ ಬರೆದಿದ್ದರು. ಅವರ ಮನೆಯಲ್ಲಿ ಅಣ್ಣತಮ್ಮಂದಿರು ನಾಲ್ವರು. ತೋಟ ಪಾಲಾಗುತ್ತಿದೆ. ತೊರೆಯ ಬದಿಯಲ್ಲಿ ಅಜ್ಜನ ಕಾಲದಿಂದಲೂ ಯಾರೂ ಕೊಡಲಿ ಹಾಕದ ಆರು ಎಕರೆ ಕಾಡಿದೆ. ಅದನ್ನು ಒಬ್ಬರ ಪಾಲಿಗೆ ಬಿಟ್ಟರೆ ಉಳಿದವರಿಗೆ ಅಸಮಾಧಾನ. ಆದ್ದರಿಂದ ತಲಾ ಒಂದೂವರೆ ಎಕರೆಯಂತೆ ಹಂಚಿಕೊಂಡು, ನಡುವೆ ಜೀಪು ಹೋಗುವಷ್ಟು ದಾರಿ ಮಾಡಿ ಬೇಲಿ ಹಾಕುವುದೆಂದು ಹಿರಿಯರು ಸೂಚಿಸಿದ್ದಾರೆ. "ದಾರಿಗೆ ಬೇಕಾದಷ್ಟು ಬಿಟ್ಟರೆ ಬೇರೆ ಮರ ಕಡಿಯುವುದಿಲ್ಲ. ಒಟ್ಟು ಲೆಕ್ಕ ಹೆಚ್ಚುಕಡಿಮೆ ಆರು ಎಕರೆಯೇ ಇರುತ್ತದೆ. ಇದರಲ್ಲಿ ತಪ್ಪೇನು?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕದಿಂದ ಬಂದ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಹುಡುಕೋಣ.

ನಮ್ಮಲ್ಲಿ ಬಟ್ಟೆ ಅಂಗಡಿ ನಡೆಸುವ ಮನೆತನಗಳು ಬಹಳ. ಇಪ್ಪತ್ತು ಮೀಟರಿನ ಥಾನಿಗೆ ಒಂದು ಬೆಲೆ. ಅದನ್ನೇ ಗೇಣುಗೇಣಾಗಿ ಕತ್ತರಿಸಿಟ್ಟರೆ ಮೀಟರಿನ ಲೆಕ್ಕ ಅಷ್ಟೇ ಇರುತ್ತದೆ. ಆದರೆ ಅದು ಸೀರೆಗೂ ಆಗದು, ಪಂಚೆಗೂ ಆಗದು. ಜೊತೆಗೆ ಕತ್ತರಿ ಆಡಿದ ಕಡೆಯೆಲ್ಲ ನೂಲು ಬಿಚ್ಚತೊಡಗುತ್ತದೆ. ಕಾಡೂ ಹಾಗೆಯೇ. ಚೌಕಾಕಾರದ ಆರು ಎಕರೆಯ ಸುತ್ತಳತೆ ಸುಮಾರು 625 ಮೀಟರ್. ಅದನ್ನು ನಾಲ್ಕು ಸಮ ಚೌಕ ಮಾಡಿದರೆ ಒಟ್ಟು ಸುತ್ತಳತೆ 1,250 ಮೀಟರ್. ಜಾಗ ಅಷ್ಟೇ, ಅಂಚು ಇಮ್ಮಡಿ.

ಈ ಅಂಚು ಏನು ಮಾಡುತ್ತದೆಂಬುದನ್ನು ದಶಕಗಟ್ಟಲೆ ಅಳೆದು ನೋಡಿದವರಿದ್ದಾರೆ. ಬ್ರೆಜಿಲ್ ದೇಶದ ಅಮೆಜಾನ್ ಮಳೆಕಾಡಿನಲ್ಲಿ, ಮನೌಸ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಥಾಮಸ್ ಲವ್‌ಜಾಯ್ ಎಂಬ ಅಮೆರಿಕದ ವಿಜ್ಞಾನಿ ಬ್ರೆಜಿಲ್ಲಿನ ವಿಜ್ಞಾನಿಗಳೊಡನೆ 1979ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಅಲ್ಲಿ ದನ ಸಾಕಣೆಗಾಗಿ ಕಾಡು ಕಡಿಯುವ ಜಮೀನುದಾರರು ಅರ್ಧ ಕಾಡನ್ನು ಉಳಿಸಲೇಬೇಕೆಂಬ ಕಾನೂನು ಆಗ ಇತ್ತು. ಹೇಗೂ ಉಳಿಸುವ ಕಾಡನ್ನು ಗೊತ್ತಾದ ಅಳತೆಯಲ್ಲಿ ಉಳಿಸಿಕೊಡಿ ಎಂದು ಲವ್‌ಜಾಯ್ ಏರ್ಪಾಡು ಮಾಡಿದರು. ಹೀಗೆ 1, 10 ಮತ್ತು 100 ಹೆಕ್ಟೇರುಗಳ ಹನ್ನೊಂದು ತುಂಡುಗಳು ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತವು. ಒಂದು ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ.

ತುಂಡುಗಳೊಳಗೆ ಯಾರೂ ಕೊಡಲಿ ಹಾಕಲಿಲ್ಲ. ಆದರೂ ಮರಗಳು ಬಿದ್ದವು. ಬಯಲಿನ ಬಿಸಿಗಾಳಿ ಬದಿಯಿಂದ ನುಗ್ಗಿತು. ತಂಪಿನಲ್ಲಿ ಬೆಳೆದ ಮರಗಳು ಕೆಲವು ನಿಂತಲ್ಲೇ ಒಣಗಿದವು, ಕೆಲವು ಗಾಳಿಗೆ ಮುರಿದವು. ಅಂಚಿನಿಂದ 300 ಮೀಟರ್ ಒಳಗಿನ ದೊಡ್ಡ ಮರಗಳು ನಡುಗಾಡಿನ ಮರಗಳಿಗಿಂತ ಸುಮಾರು ಮೂರು ಪಟ್ಟು ವೇಗವಾಗಿ ಸತ್ತವು. ಅಂಚಿನಿಂದ 100 ಮೀಟರ್ ಒಳಗೆ ಕೆಲವೆಡೆ 10ರಿಂದ 17 ವರ್ಷಗಳಲ್ಲಿ ಮರಗಳ ಒಟ್ಟು ತೂಕವೇ ಶೇ. 36ರವರೆಗೆ ಇಳಿದಿತ್ತು. ಬಿದ್ದ ಮರಗಳ ಜಾಗದಲ್ಲಿ ಬಿಸಿಲು ಬಯಸುವ ಬಳ್ಳಿಗಳು ಹಬ್ಬಿದವು. ಬಿಸಿಲಿನ ಚಿಟ್ಟೆಗಳು ಹೆಚ್ಚಿದವು, ನೆರಳಿನ ಚಿಟ್ಟೆಗಳು ಕಡಿಮೆಯಾದವು.

ನಮ್ಮ ತೋಟಗಳಲ್ಲಿ ಅಂದಕ್ಕೆ ನೆಡುವ ಹೆಲಿಕೋನಿಯಾದ ಜಾತಿಯ ಗಿಡವೊಂದು ಆ ಕಾಡಿನ ನೆಲದಲ್ಲಿ ಬೆಳೆಯುತ್ತದೆ. ಅದರ ಬೀಜಗಳನ್ನು ತುಂಡು ಕಾಡಿನಲ್ಲೂ ಅಖಂಡ ಕಾಡಿನಲ್ಲೂ ಬಿತ್ತಿ ನೋಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಖಂಡ ಕಾಡಿನಲ್ಲಿ ಮೊಳೆತವು ಹಲವು ಪಟ್ಟು ಹೆಚ್ಚು. ಹಳೆಯ ಗಿಡಗಳು ತುಂಡಿನಲ್ಲಿ ಹಸಿರಾಗಿಯೇ ಕಾಣುತ್ತವೆ. ಆದರೆ ಮುಂದಿನ ಪೀಳಿಗೆ ಬರುತ್ತಿಲ್ಲ. ಗಲ್ಲಾಪೆಟ್ಟಿಗೆ ತುಂಬಿದ್ದರೂ ಹೊಸ ಸರಕು ಬರುವುದು ನಿಂತ ಅಂಗಡಿಯಂತೆ.

ಇನ್ನು ಸಗಣಿಯನ್ನು ಉಂಡೆ ಕಟ್ಟಿ ಮಣ್ಣಿನಲ್ಲಿ ಹೂಳುವ ಹುಳುವಿನ ಮಾತು. ಹಣ್ಣು ತಿಂದ ಮಂಗಗಳ ಹಿಕ್ಕೆಯಲ್ಲಿ ಬೀಜಗಳಿರುತ್ತವೆ. ಈ ಹುಳು ಹಿಕ್ಕೆಯೊಡನೆ ಬೀಜವನ್ನೂ ಹೂಳುವುದರಿಂದ ಅದು ಇಲಿಗಳ ಬಾಯಿಂದ ಪಾರಾಗಿ ಮೊಳೆಯುತ್ತದೆ. 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತುಂಡು ಕಾಡುಗಳಲ್ಲಿ ಈ ಹುಳುಗಳ ಬಗೆಗಳು ಕಡಿಮೆ, ಸಂಖ್ಯೆ ಕಡಿಮೆ, ಇದ್ದವುಗಳ ಗಾತ್ರವೂ ಚಿಕ್ಕದೆಂದು ಕಂಡುಬಂತು. ಕಾಲಡಿಯ ಇರುವೆಯನ್ನೂ ನೋಡಿ ಹೆಜ್ಜೆಯಿಡುವ ಮನೆಗಳಲ್ಲಿ ಬೆಳೆದ ನಮಗೆ ಇದು ಯೋಚಿಸಬೇಕಾದ ವಿಷಯ. ಆ ಹುಳುಗಳನ್ನು ಯಾರೂ ತುಳಿಯಲಿಲ್ಲ, ಯಾರೂ ವಿಷ ಹಾಕಲಿಲ್ಲ. ಸುತ್ತಲಿನ ಕಾಡನ್ನು ಕಡಿದದ್ದಷ್ಟೇ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಕೆಲವು ಹುಲ್ಲುಗಾವಲುಗಳಲ್ಲಿ ದನ ಸಾಕಣೆ ಲಾಭ ತರದೆ ಜನ ಕೈಬಿಟ್ಟರು. ಅಲ್ಲಿ ಎಳೆಯ ಮರಗಳು ತಾವಾಗಿಯೇ ಎದ್ದವು. ಸುಮಾರು ಹದಿನೈದು ವರ್ಷಗಳ ನಂತರ ಅದೇ ತುಂಡುಗಳಲ್ಲಿ ಎಣಿಸಿದಾಗ ಸಗಣಿ ಹುಳುಗಳ ಬಳಗ ಬಹುಮಟ್ಟಿಗೆ ಚೇತರಿಸಿಕೊಂಡಿತ್ತು. ಇದು 2005ರಲ್ಲಿ ಪ್ರಕಟವಾಯಿತು. ಸತ್ತ ಹಿರಿಯ ಮರಗಳು ಹದಿನೈದು ವರ್ಷಕ್ಕೆ ಹಿಂದಿರುಗವು. ಆದರೆ ನಡುವೆ ಸಾಧಾರಣ ಮರಗಳ ನೆರಳಿದ್ದರೂ ಸಾಕು, ಹುಳುಗಳಿಗೆ ದಾರಿ ತೆರೆಯುತ್ತದೆ. ಲವ್‌ಜಾಯ್ 2021ರಲ್ಲಿ ತೀರಿಕೊಂಡರು. ತುಂಡಿನ ಬೆಲೆಯನ್ನು ಅದರ ಎಕರೆಯಿಂದಷ್ಟೇ ಅಲ್ಲ, ಅದು ಯಾವುದರೊಡನೆ ಕೂಡಿಕೊಂಡಿದೆ ಎಂಬುದರಿಂದಲೂ ಕಟ್ಟಬೇಕೆಂಬುದೇ ಅವರ ಪ್ರಯೋಗದಿಂದ ನಾವು ತಿಳಿಯಬೇಕಾದ ಪಾಠ.

ಈಗ ವಯನಾಡಿನ ಬಂಧುಗಳಿಗೆ ನಮ್ಮ ಉತ್ತರ. ಆರು ಎಕರೆಯೆಂದರೆ ಅದು ಈಗಾಗಲೇ ಚಿಕ್ಕ ತುಂಡೇ. ಅದರ ಸುತ್ತ ಹಲಸು, ಅತ್ತಿ, ನಂದಿ, ಬೀಟೆಗಳ ನೆರಳಿನ ಕಾಫಿ ಇದ್ದರೆ ಆ ನೆರಳೇ ಅದಕ್ಕೆ ಆಸರೆ. ಅಂಥ ಕಾಡನ್ನು ಮತ್ತೆ ನಾಲ್ಕು ಮಾಡಿದರೆ ನಾಲ್ಕು ಅಂಚುಗಳು ಮಾತ್ರ ಉಳಿದಾವು. ದಾರಿ ಬೇಕಾದರೆ ಕಾಡನ್ನು ಸುತ್ತಿಹೋಗಲಿ. ಕಾಡಿನಿಂದ ನೆರೆಯ ತೋಟದವರೆಗಿನ ನಾಡಮರಗಳನ್ನು ಕಡಿದು ಬರಿಯ ಸಿಲ್ವರ್ ಓಕ್ ನೆಡುವುದು ಬೇಡ. ಇದರಲ್ಲಿ ನಷ್ಟವೆಂದು ತಿಳಿಯಬೇಡಿ. ವಯನಾಡಿನ ಮುಖ್ಯ ಬೆಳೆಯಾದ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಆ ಕೆಲಸಕ್ಕೆ ಬರುವ ಹೆಜ್ಜೇನು ಎತ್ತರದ ಮರಗಳಲ್ಲಿ, ತುಡುವೆ ಮರದ ಪೊಟರೆಯಲ್ಲಿ ಮನೆ ಮಾಡುತ್ತವೆ. ಕಾಡು ಉಳಿದರೆ ಕೂಲಿಯಿಲ್ಲದ ಈ ಆಳುಗಳೂ ಉಳಿದಾರು.

ಪಾಲುಪತ್ರ ಬರೆಯುವಾಗ ಅಜ್ಜ ತೋಡಿಸಿದ ಬಾವಿಯನ್ನು ಯಾರೂ ನಾಲ್ಕು ತುಂಡು ಮಾಡುವುದಿಲ್ಲ. "ಬಾವಿ ನಾಲ್ವರಿಗೂ ಸೇರಿದ್ದು" ಎಂದು ಒಂದು ಸಾಲು ಬರೆದು ರುಜು ಹಾಕುತ್ತೇವೆ. ಅದರ ಕೆಳಗೆ ಕಾಡಿಗಾಗಿ ಇನ್ನೊಂದು ಸಾಲು ಸೇರಿಸಿರಿ. ನಮ್ಮ ಅರಿಕೆ ಇಷ್ಟೇ.