ಹದಿಹರೆಯಕ್ಕೆ ಒಳಗಿನ ಕಾವಲು

ನಾನು ಸದಸ್ಯನಾಗಿರುವ ಶಾಲಾ ಆಡಳಿತ ಸಮಿತಿಯೊಂದರ ಮುಂದೆ ಕಳೆದ ವರ್ಷ ಒಂದು ಕಡತ ಬಂತು. ಒಂಬತ್ತನೆಯ ತರಗತಿಯ ಮೂವರು ಹುಡುಗರು ಶೌಚಾಲಯದಲ್ಲಿ ಇ-ಸಿಗರೇಟ್ ಸೇದುತ್ತಾ ಸಿಕ್ಕಿಬಿದ್ದಿದ್ದರು. ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ತೀರ್ಮಾನಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಆ ಸಹಿ ತಪ್ಪಾಗಿತ್ತೆಂದು ಈಗ ಅನ್ನಿಸುತ್ತಿದೆ.

ಆಡಳಿತದಲ್ಲಿ ಬದುಕು ಸವೆಸಿದವರಿಗೆ ನಿಷೇಧದ ಮೇಲೆ ನಂಬಿಕೆ ಹೆಚ್ಚು. ಶಾಲೆಯ ಸುತ್ತಲಿನ 100 ಗಜದೊಳಗೆ ತಂಬಾಕು ಮಾರುವಂತಿಲ್ಲವೆಂದು 2003ರ ಕಾಯ್ದೆ ಹೇಳುತ್ತದೆ. ನಮ್ಮ ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. 2019ರಲ್ಲಿ ದೇಶದಾದ್ಯಂತ ಇ-ಸಿಗರೇಟ್ ನಿಷೇಧವಾಯಿತು. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಸೆರೆವಾಸವಿದೆ. ಇವೆಲ್ಲ ಬೇಕು. ಆದರೆ ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇವು ಪೂರೈಕೆಯ ಬಾಗಿಲನ್ನು ಮುಚ್ಚುತ್ತವೆಯೇ ಹೊರತು ಬೇಡಿಕೆಯನ್ನು ಮುಟ್ಟುವುದಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಿಗಿಂತ ಮಕ್ಕಳಲ್ಲೇ ಹೆಚ್ಚು ಬಳಕೆಯಲ್ಲಿರುವುದು ಮೂಸುವ ಪದಾರ್ಥಗಳು ಮಾತ್ರ. ವೈಟ್ನರ್, ಅಂಟು, ಪೆಟ್ರೋಲು: ಇವನ್ನು ಯಾವ ಸರ್ಕಾರ ತಾನೇ ನಿಷೇಧಿಸೀತು?

ಬೇಡಿಕೆಯ ಬೇರು ಹುಡುಕುವವರು ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನವನ್ನು ಗಮನಿಸಬೇಕು. ಆ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದರು. ಬಾಲ್ಯದಲ್ಲಿ ಆತ್ಮಸಂಯಮ, ತಾಳ್ಮೆ, ಹಿಡಿದ ಕೆಲಸ ಬಿಡದ ಛಲ ಇದ್ದವರು ಮೂವತ್ತೆರಡರ ವಯಸ್ಸಿನಲ್ಲಿ ವ್ಯಸನಕ್ಕೆ ಬಿದ್ದದ್ದು ಕಡಿಮೆ. ಮನೆಯ ಸ್ಥಿತಿಗತಿ, ಬುದ್ಧಿಮತ್ತೆಗಳ ಪ್ರಭಾವವನ್ನು ಕಳೆದು ನೋಡಿದರೂ ಈ ಸಂಬಂಧ ಉಳಿಯಿತು. ಸಂಯಮ ಕಡಿಮೆಯಿದ್ದವರು ಹದಿನೈದಕ್ಕೇ ಸಿಗರೇಟು ಹಿಡಿಯುವ ಸಂಭವ ಹೆಚ್ಚಾಗಿತ್ತು. ಆ ಒಂದು ತಪ್ಪು ಮುಂದಿನ ಹಲವು ದಾರಿಗಳನ್ನು ಮುಚ್ಚಿತು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಅದೇ ಅಧ್ಯಯನದಲ್ಲಿ, ಬೆಳೆಯುತ್ತಾ ಸಂಯಮ ಹೆಚ್ಚಿಸಿಕೊಂಡವರ ಬದುಕು ನಿರೀಕ್ಷೆಗಿಂತ ಉತ್ತಮವಾಗಿತ್ತು. ಅಮೆರಿಕದ ಪೆರಿ ಶಿಶುಶಾಲೆಯ ಪ್ರಯೋಗದಲ್ಲಿ ಬಡಮಕ್ಕಳ ಬುದ್ಧಿಮತ್ತೆಯ ಅಂಕ ಏರಿ, ಕೆಲವೇ ವರ್ಷಗಳಲ್ಲಿ ಇಳಿಯಿತು. ಆದರೂ ಅವರು ದೊಡ್ಡವರಾದಾಗ ಅಪರಾಧ ಕಡಿಮೆ, ಗಳಿಕೆ ಹೆಚ್ಚು. ಇದರ ಹಿಂದಿರುವುದು ಬಹುಪಾಲು ಸ್ವಭಾವದ ಗಟ್ಟಿತನ ಎಂದು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ವಾದಿಸಿದ್ದಾರೆ.

ಕೆನಡಾದ ಪೆಟ್ರೀಷಿಯಾ ಕಾನ್ರಾಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಿರಾಶೆ, ಆತಂಕ, ದುಡುಕು, ರೋಮಾಂಚನದ ಹಂಬಲ ಎಂಬ ನಾಲ್ಕು ಸ್ವಭಾವಗಳನ್ನು ಗುರುತಿಸಿ, ಆಯಾ ಸ್ವಭಾವದ ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿ ಎರಡು ತರಗತಿ ನಡೆಸುವ ಕ್ರಮವದು. ಲಂಡನ್ ಶಾಲೆಗಳಲ್ಲಿ ಮದ್ಯಪಾನ ಇಳಿಯಿತು. ಸ್ವಭಾವವನ್ನು ಬೈಯುವುದು ಅಲ್ಲಿನ ಪದ್ಧತಿಯಲ್ಲ. ಅದನ್ನು ಬಳಸಲು ಕಲಿಸುವುದಷ್ಟೇ. ಆ ಮೂವರಲ್ಲಿ ಒಬ್ಬ ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ. ಅಪಾಯಕ್ಕೆ ಎದೆಯೊಡ್ಡುವ ಅವನ ಗುಣಕ್ಕೆ ಮೈದಾನವೊಂದು ನೆಲೆಯಾಗಿತ್ತು. ನಾವು ಅದನ್ನೇ ಕಿತ್ತುಕೊಂಡೆವು.

ಬೆಂಗಳೂರಿನ ನಿಮ್ಹಾನ್ಸ್ ಶಾಲೆಗಳಿಗೆಂದೇ ಜೀವನ ಕೌಶಲ ಶಿಕ್ಷಣದ ಮಾದರಿ ರೂಪಿಸಿದೆ. ಅದಕ್ಕೆ ವಾರಕ್ಕೊಂದು ಅವಧಿ ಕೇಳಿದರೆ ಪಠ್ಯ ಮುಗಿಯುವುದಿಲ್ಲ ಎಂಬ ಉತ್ತರ ಬರುತ್ತದೆ. ಹತ್ತನೆಯ ತರಗತಿಯ ಆಟದ ಅವಧಿಯನ್ನು ಗಣಿತ ನುಂಗಿ ಹಾಕಿರುವುದು ಎಲ್ಲ ಪೋಷಕರಿಗೂ ಗೊತ್ತು. ಬಹಳ ಮಂದಿಗೆ ಅದು ಸಮ್ಮತವೂ ಹೌದು.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಆ ಹುಡುಗರ ಮರುಸೇರ್ಪಡೆಯ ವಿಷಯ ಸೇರಿಸಬೇಕೆಂದು ಪತ್ರ ಬರೆದೆ. ಪೂರ್ವನಿದರ್ಶನವಿಲ್ಲವೆಂದು ಕಾರ್ಯದರ್ಶಿಗಳ ಉತ್ತರ ಬಂದಿದೆ. ಸೇವೆಯಲ್ಲಿದ್ದಾಗ ಎಷ್ಟೋ ಅರ್ಜಿಗಳ ಮೇಲೆ ನಾನೂ ಇದೇ ಷರಾ ಬರೆದವನು. ಎರಡನೆಯ ಪತ್ರ ನಿನ್ನೆ ಕಳುಹಿಸಿದ್ದೇನೆ.